ತೆನೆ ಆಶೀರ್ವದಿಸುವ ನಮಗೆ ಗದ್ದೆಯ ಹೊಣೆಯೂ ಇದೆ
ಹಡಿಲು ಬಿದ್ದ ಭೂಮಿ ಮತ್ತು ಧರ್ಮಕೇಂದ್ರಗಳು ಮಾಡಬಹುದಾದ ಕೆಲಸ

ಪ್ರತಿ ವರ್ಷ ಸೆಪ್ಟೆಂಬರ್ 8ರಂದು ಕರಾವಳಿಯ ಕಥೊಲಿಕ ಕ್ರೈಸ್ತರಾದ ನಾವು ಕನ್ಯಾ ಮರಿಯಮ್ಮನವರ ಜನ್ಮದಿನವನ್ನು ಮೊಂತಿ ಹಬ್ಬವಾಗಿ ಆಚರಿಸುತ್ತೇವೆ. ಆಗಸ್ಟ್ 30ರಿಂದ ಒಂಬತ್ತು ದಿನಗಳ ನೊವೆನಾ, ಮಕ್ಕಳು ಬುಟ್ಟಿಯಲ್ಲಿ ತಂದು ಮರಿಯಮ್ಮನವರಿಗೆ ಅರ್ಪಿಸುವ ಹೂಗಳು, ಹಬ್ಬದ ದಿನ ಹೊಸ ಭತ್ತದ ತೆನೆಗಳ ಆಶೀರ್ವಾದ, ಮೆರವಣಿಗೆ, ಬಲಿಪೂಜೆ, ಆಮೇಲೆ ಮನೆಗೊಂದು ತೆನೆ. ಮನೆಯಲ್ಲಿ ಹಿರಿಯರು ಪ್ರಾರ್ಥನೆ ಹೇಳಿ, ತೆನೆಯ ಕಾಳು ಸುಲಿದು ಹಾಲಿಗೋ ತೆಂಗಿನ ಹಾಲಿಗೋ ಹಾಕಿ ಎಲ್ಲರಿಗೂ ಹಂಚುತ್ತಾರೆ. ದೂರದಲ್ಲಿರುವ ಮಕ್ಕಳಿಗೆ ನಾಲ್ಕು ಕಾಳುಗಳನ್ನು ಲಕೋಟೆಯಲ್ಲಿಟ್ಟು ಕಳುಹಿಸುವ ಕ್ರಮವೂ ನಮ್ಮಲ್ಲಿದೆ. ಮೀನು ಮಾಂಸವಿಲ್ಲದ ಆ ಊಟಕ್ಕೆ ಇಡೀ ಕುಟುಂಬ ಒಂದೆಡೆ ಕೂರುತ್ತದೆ.

ಇಷ್ಟೆಲ್ಲ ಭಕ್ತಿಯಿಂದ ನಡೆಯುವ ಹಬ್ಬದಲ್ಲಿ ಒಂದು ಪ್ರಶ್ನೆಯನ್ನು ನಾವು ಕೇಳಿಕೊಳ್ಳಬೇಕಾದ ಕಾಲ ಬಂದಿದೆ. ಆ ತೆನೆ ಎಲ್ಲಿಂದ ಬಂತು? ಹಿಂದೆ ಚರ್ಚಿನ ಸುತ್ತಲಿನ ಗದ್ದೆಗಳಿಂದಲೇ ಬರುತ್ತಿತ್ತು. ಇಂದು ಎಷ್ಟೋ ಧರ್ಮಕೇಂದ್ರಗಳಲ್ಲಿ ತಮ್ಮ ವ್ಯಾಪ್ತಿಯಲ್ಲಿ ಭತ್ತ ಬೆಳೆಯುವ ಒಂದು ಮನೆಯೂ ಇಲ್ಲದೆ, ಬೇರೆ ಊರಿನಿಂದ ತೆನೆ ತರಿಸಬೇಕಾಗಿದೆ. ಹಬ್ಬ ಉಳಿದಿದೆ, ಗದ್ದೆ ಹೋಗಿದೆ. ಗದ್ದೆ ಏಕೆ ಹೋಯಿತು, ಹೋದರೆ ನಷ್ಟವೇನು, ಉಳಿದಿರುವುದನ್ನು ಉಳಿಸಲು ಧರ್ಮಕೇಂದ್ರಗಳು ಏನು ಮಾಡಬಹುದು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಹಡಿಲು ಎಂದರೇನು?

ಉತ್ತರ ಕನ್ನಡ, ಉಡುಪಿ ಮತ್ತು ದಕ್ಷಿಣ ಕನ್ನಡ ಈ ಮೂರು ಜಿಲ್ಲೆಗಳಲ್ಲಿ ಭತ್ತವೇ ಹಿಂದಿನಿಂದ ಬಂದ ಬೆಳೆ. ದಕ್ಷಿಣ ಕನ್ನಡ ಮತ್ತು ಉಡುಪಿಯಲ್ಲಿ ಹಿರಿಯರು ಗದ್ದೆಗಳನ್ನು ನೀರಿನ ಲೆಕ್ಕದಲ್ಲಿ ಮೂರು ಬಗೆಯಾಗಿ ವಿಂಗಡಿಸಿದ್ದರು. ತಗ್ಗಿನಲ್ಲಿರುವ, ನೀರು ಹೆಚ್ಚು ಕಾಲ ನಿಲ್ಲುವ ಭೂಮಿ ಬೈಲು. ಅದಕ್ಕಿಂತ ಮೇಲಿನದು ಮಜಲು. ಮಳೆಯನ್ನೇ ನಂಬಿರುವ ಎತ್ತರದ ಭೂಮಿ ಬೆಟ್ಟು. ಮಳೆಗಾಲದ ಬೆಳೆಗೆ ಏಣೇಲು, ಎರಡನೆಯದಕ್ಕೆ ಸುಗ್ಗಿ, ಮೂರನೆಯದಕ್ಕೆ ಕೊಳಕೆ ಎಂದು ಹೆಸರು. ಬೆಟ್ಟಿನಲ್ಲಿ ಒಂದು, ಮಜಲಿನಲ್ಲಿ ಎರಡು, ನೀರಿರುವ ಬೈಲಿನಲ್ಲಿ ಮೂರು ಬೆಳೆ ತೆಗೆಯುತ್ತಿದ್ದರು.

ಈಗ ಬೆಟ್ಟಿನ ಬಹುಭಾಗದಲ್ಲಿ ಮನೆಗಳೂ ರಬ್ಬರ್ ತೋಟಗಳೂ ಬಂದಿವೆ. ಮಜಲಿಗೆ ಮಣ್ಣು ತುಂಬಿಸಿ ಅಡಿಕೆ ಹಾಕಲಾಗಿದೆ. ಬೈಲಿನಲ್ಲಿ ಅನೇಕ ಗದ್ದೆಗಳು ಬೇಸಾಯವಿಲ್ಲದೆ ಹುಲ್ಲು, ಕಳೆ ತುಂಬಿಕೊಂಡು ಬಿದ್ದಿವೆ. ಇದನ್ನೇ ನಾವು ಹಡಿಲು ಎನ್ನುವುದು.

ಭೂಮಿಗೆ ವಿಶ್ರಾಂತಿ ಕೊಡಬೇಕೆಂದು ಪವಿತ್ರ ಗ್ರಂಥದಲ್ಲೇ ಇದೆಯಲ್ಲ ಎಂದು ಕೆಲವರು ಹೇಳುವುದುಂಟು. ನಿಜ. ವಿಮೋಚನಾಕಾಂಡದ 23ನೇ ಅಧ್ಯಾಯ ಮತ್ತು ಯಾಜಕಕಾಂಡದ 25ನೇ ಅಧ್ಯಾಯದಲ್ಲಿ ಏಳನೇ ವರ್ಷ ಭೂಮಿಯನ್ನು ಬೇಸಾಯ ಮಾಡದೆ ಬಿಡುವ ನಿಯಮವಿದೆ. ಆದರೆ ಆರು ವರ್ಷ ದುಡಿದ ಮೇಲೆ ಬರುವ ವಿಶ್ರಾಂತಿ ಅದು. ಆ ವರ್ಷ ತಾನಾಗಿ ಬೆಳೆದದ್ದು ಬಡವರ ಪಾಲು, ಅವರು ಬಿಟ್ಟದ್ದು ಕಾಡುಮೃಗಗಳ ಪಾಲು ಎಂದೂ ಅಲ್ಲಿ ಹೇಳಿದೆ. ನಮ್ಮ ಹಡಿಲು ಭೂಮಿಯಿಂದ ಬಡವರಿಗೆ ಏನೂ ಸಿಗುವುದಿಲ್ಲ. ಎಂಟನೇ ವರ್ಷ ಅದನ್ನು ಉಳುವವರೂ ಇಲ್ಲ.

ಗದ್ದೆ ಬಿಡಲು ಕಾರಣಗಳು

ಗದ್ದೆ ಬಿಟ್ಟವರನ್ನು ಸೋಮಾರಿಗಳೆಂದು ದೂರುವುದು ಸುಲಭ, ಆದರೆ ಅದು ನ್ಯಾಯವಲ್ಲ. ಕಾರಣಗಳು ಹಲವು, ಒಂದಕ್ಕೊಂದು ಹೆಣೆದುಕೊಂಡಿವೆ.

ಮೊದಲನೆಯದು ಜನ. ಭತ್ತದ ಕೆಲಸಕ್ಕೆ ಒಂದೇ ವಾರದಲ್ಲಿ ಅನೇಕ ಕೈಗಳು ಬೇಕು. ನೇಜಿ ತೆಗೆಯಲು, ನೆಡಲು, ಕೊಯ್ಯಲು ಮೊದಲು ಮನೆಯವರೂ ನೆರೆಯವರೂ ಇದ್ದರು. ಮಕ್ಕಳು ಮುಂಬಯಿಗೆ, ಕೊಲ್ಲಿ ರಾಷ್ಟ್ರಗಳಿಗೆ, ಬೆಂಗಳೂರಿಗೆ ಹೋದರು. ಊರಿನಲ್ಲಿ ಉಳಿದವರು ವಯಸ್ಸಾದ ತಂದೆ ತಾಯಿ. ಅವರಿಂದ ಕೆಸರಿಗೆ ಇಳಿಯಲು ಆಗುವುದಿಲ್ಲ.

ಎರಡನೆಯದು ಹಿಡುವಳಿಯ ಗಾತ್ರ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ ಕರಾವಳಿಯಲ್ಲಿ ಸಾವಿರಾರು ಗೇಣಿದಾರರು ಭೂಮಿಯ ಒಡೆಯರಾದರು. ಅವರಲ್ಲಿ ನಮ್ಮ ಕ್ರೈಸ್ತ ಕುಟುಂಬಗಳೂ ಬಹಳ ಇದ್ದವು. ಅದು ದೊಡ್ಡ ನ್ಯಾಯ. ಆದರೆ ಐವತ್ತು ವರ್ಷಗಳಲ್ಲಿ ಅದೇ ಭೂಮಿ ಮಕ್ಕಳು ಮೊಮ್ಮಕ್ಕಳ ನಡುವೆ ಪಾಲಾಗಿ ಸೆಂಟ್ಸ್ ಲೆಕ್ಕಕ್ಕೆ ಇಳಿದಿದೆ. ಮೂವತ್ತು ಸೆಂಟ್ಸ್ ಗದ್ದೆಗಾಗಿ ಟ್ರ್ಯಾಕ್ಟರ್ ತರಿಸಿದರೆ ಖರ್ಚು ಹುಟ್ಟುವುದಿಲ್ಲ.

ಮೂರನೆಯದು ಕಾನೂನಿನ ಭಯ. ರಾಜ್ಯದಲ್ಲಿ ಕೃಷಿ ಭೂಮಿಯನ್ನು ಗೇಣಿಗೆ ಕೊಡುವುದಕ್ಕೆ ನಿರ್ಬಂಧವಿದೆ. ಇನ್ನೊಬ್ಬರಿಗೆ ಬೇಸಾಯಕ್ಕೆ ಬಿಟ್ಟರೆ ಭೂಮಿಯೇ ಕೈ ತಪ್ಪೀತು ಎಂದು ಹೆದರಿ ಒಡೆಯರು ಹಡಿಲು ಬಿಡುತ್ತಾರೆ. ದುಡಿಯಲು ಸಿದ್ಧರಿರುವ ಭೂಮಿಯಿಲ್ಲದವರು ಪಕ್ಕದಲ್ಲೇ ಇದ್ದರೂ ಅವರಿಗೆ ಆ ಗದ್ದೆ ಸಿಗುವುದಿಲ್ಲ.

ನಾಲ್ಕನೆಯದು ಬೆಲೆ. ಏಣೇಲು ಬೆಳೆ ಅಕ್ಟೋಬರ್ ಹೊತ್ತಿಗೆ ಕೊಯ್ಲಿಗೆ ಬರುತ್ತದೆ. ಆಗಲೂ ಮಳೆ ಪೂರ್ತಿ ನಿಂತಿರುವುದಿಲ್ಲ. ಒಣಗಿಸಲು ಅಂಗಳ, ದಾಸ್ತಾನಿಗೆ ಜಾಗ ಇಲ್ಲದವನು ಸಿಕ್ಕಿದ ಬೆಲೆಗೆ ಮಿಲ್ಲಿಗೆ ಕೊಡಬೇಕು. ಬೆಂಬಲ ಬೆಲೆಯ ಖರೀದಿ ಕೇಂದ್ರಗಳು ತೆರೆಯುವ ಹೊತ್ತಿಗೆ ನಮ್ಮವರ ಭತ್ತ ಮಾರಿ ಮುಗಿದಿರುವುದೇ ಹೆಚ್ಚು.

ಐದನೆಯದು ಅಷ್ಟಾಗಿ ಮಾತಿಗೆ ಬಾರದ ಕಾರಣ: ನೆರೆಯವನ ಹಡಿಲು. ಬೈಲಿನಲ್ಲಿ ನೀರು ಒಂದು ಗದ್ದೆಯಿಂದ ಇನ್ನೊಂದಕ್ಕೆ ಇಳಿಯುತ್ತದೆ. ಮೇಲಿನ ಗದ್ದೆಯವನು ಬದು ಕಟ್ಟದಿದ್ದರೆ ಕೆಳಗಿನವನಿಗೆ ನೀರು ಅಳತೆಯಲ್ಲಿ ಬರುವುದಿಲ್ಲ. ಎಲ್ಲರೂ ಸೇರಿ ಹೂಳೆತ್ತದಿದ್ದರೆ ತೋಡು ಉಕ್ಕುತ್ತದೆ. ಹತ್ತು ಗದ್ದೆ ಹಡಿಲಿದ್ದು ನಡುವೆ ಒಂದೇ ಗದ್ದೆ ಹಸಿರಾಗಿದ್ದರೆ ಊರಿನ ನವಿಲು, ಕಾಡುಹಂದಿಗಳೆಲ್ಲ ಅಲ್ಲಿಗೇ ಬರುತ್ತವೆ. ಹೀಗೆ ಮೊದಲು ಬಿಟ್ಟವನಿಗಿಂತ ಕೊನೆಗೆ ಉಳಿದವನಿಗೆ ಕಷ್ಟ ಜಾಸ್ತಿ. ಕೊನೆಗೆ ಅವನೂ ಬಿಡುತ್ತಾನೆ.

ಗದ್ದೆ ಹೋದರೆ ಬಾವಿಗೂ ನಷ್ಟ

ಅಕ್ಕಿ ಅಂಗಡಿಯಲ್ಲಿ ಸಿಗುತ್ತದೆ, ಗದ್ದೆ ಏಕೆ ಬೇಕು ಎಂದು ಕೇಳುವವರಿದ್ದಾರೆ. ಅವರು ನೀರಿನ ಲೆಕ್ಕ ನೋಡಬೇಕು.

ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಅಥವಾ ಅದಕ್ಕೂ ಹೆಚ್ಚು ಮಳೆ ಬೀಳುತ್ತದೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಒಂದು ಎಕರೆಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಸುಮಾರು 4,000 ಲೀಟರ್ ನೀರು. ಆ ಲೆಕ್ಕದಲ್ಲಿ ಒಂದು ಎಕರೆಗೆ ವರ್ಷಕ್ಕೆ ಸುಮಾರು 1 ಕೋಟಿ 40 ಲಕ್ಷ ಲೀಟರ್. ಇಷ್ಟು ಮಳೆ ಬಿದ್ದೂ ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಊರುಗಳಿಗೆ ಟ್ಯಾಂಕರ್ ನೀರು ಬರುತ್ತದೆ. ಬಿದ್ದ ನೀರು ನಿಲ್ಲದೆ ಹೊಳೆ ಸೇರಿ ಸಮುದ್ರಕ್ಕೆ ಓಡುವುದೇ ಇದಕ್ಕೆ ದೊಡ್ಡ ಕಾರಣ.

ಬದು ಗಟ್ಟಿಯಿರುವ ಗದ್ದೆಯಲ್ಲಿ ಹತ್ತು ಸೆಂಟಿಮೀಟರ್ ನೀರು ನಿಂತರೆ ಎಕರೆಗೆ ಸುಮಾರು 4 ಲಕ್ಷ ಲೀಟರ್. ಅದು ಇಂಗಿದಂತೆ ಮತ್ತೆ ಮಳೆ ತುಂಬುತ್ತದೆ. ಮೂರು ನಾಲ್ಕು ತಿಂಗಳು ಹೀಗೆ ನಿಲ್ಲುವ ನೀರು ನಿಧಾನವಾಗಿ ನೆಲದೊಳಗೆ ಇಳಿಯುತ್ತದೆ. ಹಡಿಲು ಗದ್ದೆಯ ಬದುಗಳು ಎರಡು ಮೂರು ಮಳೆಗಾಲದಲ್ಲಿ ಒಡೆದುಹೋಗುತ್ತವೆ. ಮಣ್ಣು ತುಂಬಿಸಿದ ಜಾಗದಲ್ಲಂತೂ ನೀರು ನಿಲ್ಲುವ ಮಾತೇ ಇಲ್ಲ. ಬೈಲಿನ ಅಂಚಿನ ಮನೆಗಳಲ್ಲಿ ಮಳೆಗಾಲದಲ್ಲಿ ಅಂಗಳಕ್ಕೆ ನೀರು, ಬೇಸಿಗೆಯಲ್ಲಿ ಬಾವಿಗೆ ಬರ ಎಂಬ ಎರಡು ತೊಂದರೆಗಳೂ ಒಟ್ಟಿಗೆ ಕಾಣುವುದು ಇದರಿಂದಲೇ.

ಇನ್ನೊಂದು ವಿಷಯ ಬೆಳೆಯ ವೈವಿಧ್ಯ. ಗದ್ದೆ ಬಿಟ್ಟು ಎಲ್ಲರೂ ಅಡಿಕೆಯೊಂದನ್ನೇ ನಂಬಿದರೆ ಏನಾಗುತ್ತದೆ ಎಂಬುದನ್ನು ಹಳದಿ ಎಲೆ ರೋಗ ಮತ್ತು ಎಲೆಚುಕ್ಕಿ ರೋಗ ಬಂದ ಕಡೆಯ ಕೃಷಿಕರು ಬಲ್ಲರು. ಅಡಿಕೆ ಬೇಡವೆಂದಲ್ಲ. ಒಂದೇ ಬೆಳೆಯ ಮೇಲೆ ಇಡೀ ಮನೆಯ ಭಾರ ಹಾಕುವುದು ಅಪಾಯ.

ಧರ್ಮಸಭೆಗೆ ಇದರಲ್ಲೇನು ಕೆಲಸ?

ಕೃಷಿ ಇಲಾಖೆಯ ಕೆಲಸಕ್ಕೆ ಧರ್ಮಗುರುಗಳು ಏಕೆ ಕೈ ಹಾಕಬೇಕು ಎಂಬ ಪ್ರಶ್ನೆ ಸಹಜ. ಆದಿಕಾಂಡದ ಎರಡನೇ ಅಧ್ಯಾಯದಲ್ಲಿ ದೇವರು ಮನುಷ್ಯನನ್ನು ತೋಟದಲ್ಲಿ ಇರಿಸಿದ್ದು ಬೇಸಾಯ ಮಾಡುವುದಕ್ಕೆ ಮತ್ತು ಕಾಯುವುದಕ್ಕೆ. ಎರಡೂ ಒಟ್ಟಿಗೆ ಬರುವ ಕೆಲಸಗಳು. 2015ರಲ್ಲಿ ಪೋಪ್ ಫ್ರಾನ್ಸಿಸ್ ಹೊರಡಿಸಿದ 'ಲಾವ್ದಾತೊ ಸಿ' ವಿಶ್ವಪತ್ರ ಇದನ್ನೇ ವಿಸ್ತರಿಸಿ, ಭೂಮಿಯ ಕೂಗು ಮತ್ತು ಬಡವರ ಕೂಗು ಬೇರೆ ಬೇರೆಯಲ್ಲ ಎಂದು ಕಲಿಸಿತು. ಸೆಪ್ಟೆಂಬರ್ 1ರಿಂದ ಸಂತ ಫ್ರಾನ್ಸಿಸ್ ಅಸ್ಸಿಸಿಯವರ ಹಬ್ಬವಾದ ಅಕ್ಟೋಬರ್ 4ರವರೆಗೆ ಲೋಕದ ಕ್ರೈಸ್ತರು ಸೃಷ್ಟಿಯ ಕಾಲವನ್ನು ಆಚರಿಸುತ್ತಾರೆ. ನಮ್ಮ ಮೊಂತಿ ಹಬ್ಬ ಸರಿಯಾಗಿ ಅದರೊಳಗೇ ಬರುತ್ತದೆ.

ಧರ್ಮಗುರುಗಳು ಗದ್ದೆಗೆ ಇಳಿದದ್ದಕ್ಕೆ ಲೋಕವೇ ಬಲ್ಲ ಒಂದು ಉದಾಹರಣೆಯಿದೆ. ಇಂದು ನಮ್ಮ ಕೃಷಿ ಇಲಾಖೆಯವರು 'ಶ್ರೀ ಪದ್ಧತಿ' ಎಂದು ಕಲಿಸುವ ಭತ್ತದ ಬೇಸಾಯ ಕ್ರಮ ಹುಟ್ಟಿದ್ದು ಆಫ್ರಿಕದ ಬಳಿಯ ಮಡಗಾಸ್ಕರ್ ದ್ವೀಪದಲ್ಲಿ. ಅದನ್ನು 1983ರಲ್ಲಿ ರೂಪಿಸಿದವರು ಯೇಸು ಸಭೆಯ ಫ್ರೆಂಚ್ ಗುರು ಹೆನ್ರಿ ದ ಲೊಲಾನಿಯೆ. ಗುರುಮಠ ಸೇರುವ ಮೊದಲೇ ಕೃಷಿ ವಿಜ್ಞಾನ ಓದಿದ್ದ ಅವರು 1961ರಲ್ಲಿ ಮಡಗಾಸ್ಕರ್‌ಗೆ ಹೋದರು. ಹಣವಿಲ್ಲದ ಸಣ್ಣ ರೈತರು ಇರುವ ಗದ್ದೆಯಲ್ಲೇ ಹೆಚ್ಚು ಬೆಳೆಯುವುದು ಹೇಗೆಂದು ರೈತರ ಜೊತೆ ಸೇರಿ ವರ್ಷಗಟ್ಟಲೆ ನೋಡಿದರು. ಎಳೆಯ ನೇಜಿ, ಒಂದೊಂದೇ ಸಸಿ, ಸುಮಾರು 25 ಸೆಂಟಿಮೀಟರ್ ಅಂತರ, ನೀರು ನಿಲ್ಲಿಸದೆ ಆಗಾಗ ಹಾಯಿಸುವುದು, ಕಳೆಯನ್ನು ಮಣ್ಣಿಗೇ ಸೇರಿಸುವುದು, ಸಾವಯವ ಗೊಬ್ಬರ, ಇವಿಷ್ಟು ಅದರ ಸಾರ. ಮಾಮೂಲಿ ನಾಟಿಗೆ ಎಕರೆಗೆ 25 ಕಿಲೋ ಬೀಜ ಬೇಕಾದರೆ ಇದಕ್ಕೆ 2 ಕಿಲೋ ಸಾಕು. ಅವರು 1995ರಲ್ಲಿ ತೀರಿಕೊಂಡರು. ಆ ಬಳಿಕ ಈ ಕ್ರಮ ಭಾರತವೂ ಸೇರಿ ಅನೇಕ ದೇಶಗಳಿಗೆ ಹರಡಿತು.

ನಮ್ಮ ಊರಿಗೆ ಇದನ್ನು ಹಾಗೆಯೇ ತರಲಾಗದು ಎಂಬುದನ್ನೂ ಹೇಳಬೇಕು. ಜುಲೈ ಮಳೆಯಲ್ಲಿ ಬೈಲಿನ ನೀರನ್ನು ಹಿಡಿತದಲ್ಲಿಡಲು ಆಗುವುದಿಲ್ಲ, ಎಳೆಯ ಸಸಿ ಮುಳುಗಿಹೋಗುತ್ತದೆ. ನೀರು ಬಸಿಯುವ ಮಜಲಿಗೂ ಸುಗ್ಗಿ ಬೆಳೆಗೂ ಇದು ಹೆಚ್ಚು ಹೊಂದುತ್ತದೆ. ತಗ್ಗಿನ ಗದ್ದೆಗಳಿಗೆ ಮುಳುಗಡೆ ತಾಳುವ ತಳಿ ಬೇಕು. ಬ್ರಹ್ಮಾವರದ ವಲಯ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರದ 'ಸಹ್ಯಾದ್ರಿ ಪಂಚಮುಖಿ' ಅಂಥ ಒಂದು ಕೆಂಪಕ್ಕಿ ತಳಿ. ಕುಮಟಾ ಕಡೆಯ ಅಘನಾಶಿನಿ ತೀರದ ಗಜನಿಗಳಲ್ಲಿ ಉಪ್ಪುನೀರು ತಾಳುವ 'ಕಗ್ಗ' ಭತ್ತವನ್ನು ರೈತರೇ ತಲೆತಲಾಂತರದಿಂದ ಉಳಿಸಿದ್ದಾರೆ. ಯಾವ ಗದ್ದೆಗೆ ಯಾವುದು ಎಂದು ಅಲ್ಲಿಯ ರೈತರನ್ನೂ ಕೃಷಿ ವಿಜ್ಞಾನ ಕೇಂದ್ರದವರನ್ನೂ ಕೇಳಿಯೇ ತೀರ್ಮಾನಿಸಬೇಕು.

ಮಾರುಕಟ್ಟೆ ಖಚಿತವಾದರೆ ಕೃಷಿ ಉಳಿಯುತ್ತದೆ

ಉಡುಪಿ ಜಿಲ್ಲೆಯ ಶಂಕರಪುರದ ಮಲ್ಲಿಗೆ ಇದಕ್ಕೆ ಕಣ್ಣೆದುರಿನ ಸಾಕ್ಷಿ. ಶಂಕರಪುರ, ಶಿರ್ವದ ಸುತ್ತಮುತ್ತ ಬಹಳಷ್ಟು ಕ್ರೈಸ್ತ ಕುಟುಂಬಗಳು ಮನೆಯಂಗಳದ ಹತ್ತಾರು ಗಿಡಗಳಿಂದ ಮಕ್ಕಳನ್ನು ಓದಿಸಿವೆ. 800 ಹೂಗಳಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಟ್ಟೆಗೆ ಆಯಾ ದಿನವೇ ದರ ನಿಗದಿಯಾಗುತ್ತದೆ, ಹೂ ಕೊಳ್ಳುವ ಕಟ್ಟೆ ಹತ್ತಿರದಲ್ಲೇ ಇದೆ. ದರ ಏರಿಳಿದರೂ ಕಟ್ಟಿದ ಹೂ ಮಾರಾಟವಾಗುತ್ತದೆ ಎಂಬ ಭರವಸೆ ಇರುವುದರಿಂದ ಆ ಕೃಷಿ ಉಳಿದಿದೆ. ಭತ್ತದ ಕೃಷಿಕನಿಗೆ ಇಲ್ಲದಿರುವುದು ಈ ಭರವಸೆಯೇ.

ಅಕ್ಕಿಗೂ ಹೀಗೆ ಮಾಡಲು ಸಾಧ್ಯವಿದೆ. 2021ರಲ್ಲಿ ಉಡುಪಿಯಲ್ಲಿ ಕೇದಾರೋತ್ಥಾನ ಟ್ರಸ್ಟ್ ಹಡಿಲು ಭೂಮಿಯಲ್ಲಿ ಬೇಸಾಯದ ಆಂದೋಲನ ನಡೆಸಿ, ಬೆಳೆದ ಅಕ್ಕಿಯನ್ನು 'ಉಡುಪಿ ಕೇದಾರ ಕಜೆ' ಎಂಬ ಹೆಸರಿನಲ್ಲಿ ಮಾರಾಟಕ್ಕೆ ತಂದಿತು. ಊರಿನ ಎಲ್ಲ ಜಾತಿ ಮತದವರೂ ಗದ್ದೆಗೆ ಇಳಿದರು. ಒಡೆಯರ ಒಪ್ಪಿಗೆ, ಯಂತ್ರ, ಮಾರಾಟ ಈ ಮೂರನ್ನೂ ಒಂದೇ ವ್ಯವಸ್ಥೆ ವಹಿಸಿಕೊಂಡರೆ ಹಡಿಲು ಬಿದ್ದ ಭೂಮಿಯೂ ಹಸಿರಾಗುತ್ತದೆ ಎಂಬುದಕ್ಕೆ ಅದು ಒಂದು ಪಾಠ.

ಧರ್ಮಕೇಂದ್ರಗಳು ಏನು ಮಾಡಬಹುದು?

ಬೈಲು ಎಂಬುದು ಹತ್ತಾರು ಮನೆಗಳಿಗೆ ಸೇರಿದ್ದು. ಒಬ್ಬರಿಂದ ಅದು ಉಳಿಯದು. ಹತ್ತಾರು ಮನೆಗಳನ್ನು ಒಟ್ಟಿಗೆ ಕೂರಿಸುವ ವ್ಯವಸ್ಥೆ ನಮ್ಮಲ್ಲಿ ಈಗಾಗಲೇ ಇದೆ: ವಾಳೆ, ಗುರಿಕಾರರು, ಪಾಲನಾ ಮಂಡಳಿ, ಕಥೊಲಿಕ್ ಸಭಾ, ಸ್ತ್ರೀ ಸಂಘಟನೆ, ಐಸಿವೈಎಂ. ಹೊಸ ಸಂಘ ಕಟ್ಟುವ ಅಗತ್ಯವಿಲ್ಲ. ಈ ಕೆಳಗಿನ ಕ್ರಮವನ್ನು ಪರಿಶೀಲಿಸಬಹುದು.

1. ಪಟ್ಟಿ ಮಾಡುವುದು. ಜನವರಿಯಿಂದ ಮಾರ್ಚ್ ಒಳಗೆ ಪ್ರತಿ ವಾಳೆಯಲ್ಲಿ ಎಷ್ಟು ಗದ್ದೆ ಬೇಸಾಯದಲ್ಲಿದೆ, ಎಷ್ಟು ಹಡಿಲಿದೆ, ಒಡೆಯರು ಎಲ್ಲಿದ್ದಾರೆ ಎಂದು ಗುರಿಕಾರರು ಬರೆದುಕೊಳ್ಳಲಿ. ಚರ್ಚಿನ ಸ್ವಂತ ಭೂಮಿ ಹಡಿಲಿದ್ದರೆ ಮೊದಲ ಹೆಸರು ಅದರದ್ದಾಗಲಿ.

2. ಒಂದೇ ಬೈಲು ಆರಿಸುವುದು. ಅಲ್ಲೊಂದು ಇಲ್ಲೊಂದು ಗದ್ದೆ ಬೇಡ. ಒಂದಕ್ಕೊಂದು ತಾಗಿರುವ ಗದ್ದೆಗಳನ್ನು ಆರಿಸಿದರೆ ಟ್ರ್ಯಾಕ್ಟರ್, ನಾಟಿ ಯಂತ್ರ, ಕಟಾವು ಯಂತ್ರ ಒಂದೇ ಸಲ ಬಂದು ಹೋಗುತ್ತವೆ, ಗಂಟೆಯ ಬಾಡಿಗೆ ಉಳಿಯುತ್ತದೆ. ಹೋಬಳಿಯ ರೈತ ಸಂಪರ್ಕ ಕೇಂದ್ರ ಮತ್ತು ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಮುಂಚಿತವಾಗಿ ವಿಚಾರಿಸಬೇಕು. ಬೈಲಿನಲ್ಲಿ ಹಿಂದೂ, ಮುಸ್ಲಿಂ, ಜೈನ ಬಾಂಧವರ ಗದ್ದೆಗಳೂ ಇರುತ್ತವೆ. ಅವರನ್ನು ಮೊದಲ ಸಭೆಗೇ ಕರೆಯಬೇಕು.

3. ಒಡೆಯರ ಭಯ ನೀಗುವುದು. ಊರಿನಲ್ಲಿಲ್ಲದ ಒಡೆಯರೊಂದಿಗೆ ಧರ್ಮಗುರುಗಳೇ ಮಾತನಾಡಿದರೆ ಒಪ್ಪಿಗೆ ಸುಲಭ. ಆದರೆ ಬಾಯಿಮಾತಿನ ಮೇಲೆ ನಡೆಯಬಾರದು. ಬೇಸಾಯ ಒಡೆಯರದ್ದೇ ಆಗಿ, ಕೆಲಸಕ್ಕೆ ಸಹಾಯ ಮಾತ್ರ ನಮ್ಮದಾಗುವಂತೆ ವಕೀಲರ ಸಲಹೆ ಪಡೆದು ಬರವಣಿಗೆಯಲ್ಲಿ ಇಡಬೇಕು.

4. ಮಣ್ಣಿನ ಆರೈಕೆ. ನಮ್ಮ ಮಣ್ಣು ಹುಳಿ ಮಣ್ಣು. ಮಣ್ಣು ಪರೀಕ್ಷೆ ಮಾಡಿಸಿ ಬೇಕಾದಷ್ಟು ಸುಣ್ಣ ಹಾಕಬೇಕು. ಹಟ್ಟಿಗೊಬ್ಬರ, ಸುಡುಮಣ್ಣು, ಬೇಲಿಯ ಗ್ಲಿರಿಸಿಡಿಯಾ ಸೊಪ್ಪು ನಮ್ಮ ಹಿರಿಯರಿಗೆ ಗೊತ್ತಿದ್ದ ಗೊಬ್ಬರಗಳೇ. ಕೊಯ್ಲಾದ ಮೇಲೆ ತೇವ ಇರುವಾಗಲೇ ಉದ್ದು, ಹೆಸರು ಅಥವಾ ಅಲಸಂಡೆ ಬಿತ್ತಿದರೆ ಮಣ್ಣಿಗೂ ಮನೆಗೂ ಒಳಿತು.

5. ಬೀಜದ ಆಶೀರ್ವಾದ. ಮೇ 15 ಕೃಷಿಕರ ಪಾಲಕರಾದ ಸಂತ ಇಸಿದೋರರ ಹಬ್ಬ. ಮಳೆಗೆ ಮುಂಚಿನ ಆ ದಿನ ಬಲಿಪೂಜೆಯಲ್ಲಿ ಬಿತ್ತನೆ ಬೀಜವನ್ನು ಆಶೀರ್ವದಿಸಬಹುದು. ಸುಮಾರು 130 ದಿನಗಳ ತಳಿಯಾದರೆ ಮೇ ಕೊನೆಯೊಳಗೆ ನೇಜಿ ಹಾಕಿದಾಗ ಮಾತ್ರ ಸೆಪ್ಟೆಂಬರ್ 8ಕ್ಕೆ ತೆನೆ ಹೊರಬಂದಿರುತ್ತದೆ. ಹಬ್ಬದ ತೆನೆಗಾಗಿ ಒಂದು ಸಣ್ಣ ಗದ್ದೆಯಲ್ಲಿ ಅಲ್ಪಾವಧಿ ತಳಿಯನ್ನೂ ಹಾಕಬಹುದು.

6. ಯುವಜನರ ದುಡಿಮೆ. ಮಳೆಗಾಲದಲ್ಲಿ ನಮ್ಮ ಯುವಕ ಯುವತಿಯರು 'ಕೆಸರ್ಡ್ ಒಂಜಿ ದಿನ' ಎಂದು ಗದ್ದೆಗೆ ಇಳಿದು ಆಡುವುದು ಸಂತೋಷದ ಸಂಗತಿ. ಅದೇ ಗದ್ದೆಗೆ ಆಗಸ್ಟ್‌ನಲ್ಲಿ ಕಳೆ ಕೀಳಲು, ಅಕ್ಟೋಬರ್‌ನಲ್ಲಿ ಭತ್ತ ಒಣಗಿಸಲು ಅವರು ಬಂದರೆ ಕೃಷಿಕನಿಗೆ ನಿಜವಾದ ಸಹಾಯ. ನವೆಂಬರ್, ಡಿಸೆಂಬರ್‌ನಲ್ಲಿ ತೋಡಿಗೆ ಮರಳಿನ ಚೀಲಗಳ ಕಟ್ಟ ಹಾಕುವುದಕ್ಕೂ ಎರಡು ಭಾನುವಾರ ಸಾಕು.

7. ಅಕ್ಕಿ ಕೊಳ್ಳುವುದು. ಇದು ಎಲ್ಲಕ್ಕಿಂತ ಮುಖ್ಯ. ಬಿತ್ತುವ ಮೊದಲೇ ಧರ್ಮಕೇಂದ್ರದ ಮನೆಗಳು ತಮಗೆ ಇಷ್ಟು ಕಿಲೋ ಕೆಂಪು ಕುಚ್ಚಲಕ್ಕಿ ಬೇಕೆಂದು ಹೆಸರು ಬರೆಸಲಿ, ಬೆಲೆಯನ್ನು ಆಗಲೇ ಒಪ್ಪಿಕೊಳ್ಳಲಿ. ನಮ್ಮ ಶಾಲಾ ಹಾಸ್ಟೆಲುಗಳು, ಆಸ್ಪತ್ರೆಗಳು, ಕಾನ್ವೆಂಟುಗಳು, ಚರ್ಚ್ ಹಬ್ಬದ ಊಟಗಳು ವರ್ಷಕ್ಕೆ ಕೊಳ್ಳುವ ಅಕ್ಕಿ ಕಡಿಮೆಯೇನಲ್ಲ. ಅದರ ಒಂದು ಪಾಲು ಊರಿನ ಗದ್ದೆಯದ್ದಾದರೆ ಕೃಷಿಕ ಧೈರ್ಯವಾಗಿ ಬಿತ್ತುತ್ತಾನೆ. ಭತ್ತ ಒಣಗಿಸಲು ಚರ್ಚ್ ಸಭಾಭವನವನ್ನು ಅಕ್ಟೋಬರ್‌ನಲ್ಲಿ ಕೆಲವು ದಿನ ಬಿಟ್ಟುಕೊಟ್ಟರೆ ಅದೂ ದೊಡ್ಡ ಉಪಕಾರ.

ಸಾಲ, ತರಬೇತಿ ಮತ್ತು ಸ್ವಸಹಾಯ ಸಂಘಗಳ ನೆರವಿಗೆ ಮಂಗಳೂರು ಧರ್ಮಪ್ರಾಂತ್ಯದಲ್ಲಿ ಸಿಒಡಿಪಿ, ಉಡುಪಿ ಧರ್ಮಪ್ರಾಂತ್ಯದಲ್ಲಿ ಸಂಪದ ಸಂಸ್ಥೆಗಳನ್ನು ಸಂಪರ್ಕಿಸಬಹುದು.

ಕೊನೆಯದಾಗಿ

ಧರ್ಮೋಪದೇಶಕಾಂಡದ 26ನೇ ಅಧ್ಯಾಯದಲ್ಲಿ ಇಸ್ರಯೇಲರು ಪ್ರಥಮ ಫಲವನ್ನು ಬುಟ್ಟಿಯಲ್ಲಿ ತಂದು ಯಾಜಕನ ಕೈಗೆ ಕೊಡುವ ಕ್ರಮ ಇದೆ. ಅವರು ತಂದದ್ದು ದೇವರು ಕೊಟ್ಟ ನೆಲದಲ್ಲಿ ತಾವೇ ಬೆಳೆದ ಫಲ. ಆಮೇಲೆ ಊರಿನಲ್ಲಿರುವ ಪರದೇಶಿಯ ಜೊತೆಗೂ ಸೇರಿ ಸಂತೋಷಪಡಬೇಕೆಂದು ಅಲ್ಲಿ ಹೇಳಿದೆ. ಪ್ರತಿ ಬಲಿಪೂಜೆಯಲ್ಲಿ ರೊಟ್ಟಿಯನ್ನು ಅರ್ಪಿಸುವಾಗ ಅದು ಭೂಮಿಯ ಕೊಡುಗೆಯೂ ಮನುಷ್ಯರ ದುಡಿಮೆಯೂ ಎಂದು ನಾವೂ ಒಪ್ಪಿಕೊಳ್ಳುತ್ತೇವೆ.

ಎಲ್ಲ ಹಡಿಲು ಭೂಮಿಯನ್ನು ಒಂದೇ ವರ್ಷದಲ್ಲಿ ಹಸಿರು ಮಾಡಲು ಯಾರಿಂದಲೂ ಆಗದು. ಆದರೆ ಒಂದು ಧರ್ಮಕೇಂದ್ರ ಒಂದು ಬೈಲನ್ನು ಉಳಿಸಿಕೊಳ್ಳಬಹುದು. ಈಗಲೂ ಬೇಸಾಯ ಮಾಡುತ್ತಿರುವ ಮನೆಗಳು ನಿಮ್ಮ ವಾಳೆಯಲ್ಲಿ ಒಂದೋ ಎರಡೋ ಇರಬಹುದು. ಅವರು ಬಿಡುವ ಮೊದಲು ಅವರ ಬಳಿ ಹೋಗಿ ಏನು ಬೇಕೆಂದು ಕೇಳೋಣ. ಮುಂದಿನ ಪಾಲನಾ ಮಂಡಳಿ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯಕ್ಕೆ ಒಂದು ಸಾಲಿನ ಜಾಗ ಕೊಡಬೇಕೆಂದು ಎಲ್ಲ ಧರ್ಮಗುರುಗಳಲ್ಲಿ ಮತ್ತು ಗುರಿಕಾರರಲ್ಲಿ ವಿನಂತಿ. ತೆನೆಯ ಹಬ್ಬವನ್ನು ನಮಗೆ ಬಿಟ್ಟುಹೋದ ಹಿರಿಯರು ಗದ್ದೆಯನ್ನೂ ಬಿಟ್ಟುಹೋಗಿದ್ದಾರೆ. ಮರಿಯ ಮಾತೆ ನಮ್ಮ ಕೃಷಿಕರನ್ನು ಹರಸಲಿ.